ದೇವರ ಮೇಲೆ ಭಾರ ಹಾಕಿ ನೆಮ್ಮದಿಯಾಗಿರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಮೊಗಸಾಲೆಯಲ್ಲಿ, ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ, ಮಳೆ ಕೈಕೊಟ್ಟ ಹೊಲದ ಬದುವಿನ ಮೇಲೆ ಕನ್ನಡದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತೊಂದಿದೆ: “ದೇವರ ಮೇಲೆ ಭಾರ ಹಾಕು.” ಹೇಳುವುದು ಸುಲಭ, ಹಾಗೆ ನಡೆಯುವುದು ಕಷ್ಟ. ಈ ಮಾತನ್ನು ನಿಜವಾಗಿ ಬದುಕಲು ಬಯಸುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನು, ಮುಖ್ಯವಾಗಿ ನಮ್ಮ ದಾಸರು ಮತ್ತು ಶರಣರು ನಡೆದ ದಾರಿಯ ಬೆಳಕಿನಲ್ಲಿ, ಇಲ್ಲಿ ವಿಚಾರಿಸಲಾಗಿದೆ.

“ದೇವರ ಮೇಲೆ ಭಾರ ಹಾಕು” ಎನ್ನುತ್ತಾರೆ. ಆ ಭಾರ ಯಾವುದು?

ನಾವು ಹೊತ್ತಿರುವುದು ಒಂದೇ ಹೊರೆಯೆಂದು ನಮಗೆ ತೋರಿದರೂ ಅದರಲ್ಲಿ ಎರಡು ಗಂಟುಗಳಿವೆ. ಮಗಳ ಮದುವೆಗೆ ಹಣ ಹೊಂದಿಸುವುದು, ತಾಯಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಗದ್ದೆಗೆ ನೀರು ಹಾಯಿಸುವುದು, ಇವು ಕೆಲಸದ ಗಂಟು. ಮದುವೆಯಾದ ಮೇಲೆ ಮಗಳು ಸುಖವಾಗಿರುತ್ತಾಳೆಯೇ, ತಾಯಿ ಇನ್ನೆಷ್ಟು ದಿನ ನಮ್ಮೊಡನಿರುತ್ತಾರೆ, ಪೈರು ಕೈಗೆ ಬರುವ ಹೊತ್ತಿಗೆ ಬೆಲೆ ಇರುತ್ತದೆಯೇ ಎಂಬುದು ಫಲದ ಗಂಟು. ಮೊದಲನೆಯದನ್ನು ಕೆಳಗಿಡಿ ಎಂದು ನಮ್ಮ ದಾಸರಾಗಲಿ ಶರಣರಾಗಲಿ ಹೇಳಿಲ್ಲ. ಎರಡನೆಯದು ನಮ್ಮ ಕೈಯಳತೆಗೆ ಎಂದೂ ಬಾರದ್ದು. ಆದರೂ ಅದನ್ನು ನಾವೇ ಹೊತ್ತಿದ್ದೇವೆಂದು ಭಾವಿಸಿ ದಣಿಯುತ್ತೇವೆ. ಇಳಿಸಬೇಕಾದದ್ದು ಆ ಗಂಟನ್ನು.

ನಮ್ಮ ಮನೆಗಳ ಪೂಜೆಯ ಕ್ರಮದಲ್ಲಿಯೇ ಈ ವಿಂಗಡಣೆ ಅಡಗಿದೆ. ಮೊದಲು ಸಂಕಲ್ಪ: ಈ ದಿನ, ಈ ಸ್ಥಳದಲ್ಲಿ, ಇಂಥವನಾದ ನಾನು ಈ ಕೆಲಸವನ್ನು ಮಾಡುತ್ತೇನೆ ಎಂಬ ಹೊಣೆಯ ಮಾತು. ಕೊನೆಗೆ ಅರ್ಪಣ: “ಶ್ರೀಕೃಷ್ಣಾರ್ಪಣಮಸ್ತು” ಎಂದು ಒಂದು ಉದ್ಧರಣೆ ನೀರು ಬಿಟ್ಟರೆ, ಮಾಡಿದ್ದರ ಫಲ ಅಲ್ಲಿಂದ ಮುಂದೆ ನಮ್ಮದಲ್ಲ. ಮರಳಿ ಬಾರದ ಸಾಲಕ್ಕೆ, ಕಳೆದುಹೋದ ವಸ್ತುವಿಗೆ “ಕೃಷ್ಣಾರ್ಪಣ ಎಂದುಕೋ” ಎನ್ನುವ ರೂಢಿಯೂ ಇದರಿಂದಲೇ ಬಂದದ್ದು. ಆದರೆ ಹೋದದ್ದನ್ನು ಅರ್ಪಿಸುವುದು ಸುಲಭ. ಇನ್ನೂ ಕೈಯಲ್ಲಿರುವುದನ್ನು, ಇನ್ನೂ ಬರಬೇಕಾದದ್ದನ್ನು ಅರ್ಪಿಸಲು ಕಲಿತವರಿಗೆ ನೆಮ್ಮದಿ ಸಿಗುತ್ತದೆ.

ದೇವರನ್ನು ನಂಬಿದವರಿಗೆ ಕಷ್ಟ ಬರುವುದಿಲ್ಲವೇ?

ಬರುತ್ತದೆ. ಇದನ್ನು ಮೊದಲೇ ಸ್ಪಷ್ಟವಾಗಿ ತಿಳಿದುಕೊಳ್ಳದವರು ಮುಂದೆ ಬಹಳ ನೋಯುತ್ತಾರೆ. ಅಕ್ಕಮಹಾದೇವಿ ಉಡುತಡಿಯ ಮನೆಯನ್ನು ತೊರೆದು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ದಾರಿ ಹೂವಿನ ದಾರಿಯಾಗಿರಲಿಲ್ಲ. ಬೆಟ್ಟದ ಮೇಲೆ ಮನೆ ಮಾಡಿಕೊಂಡವರು ಮೃಗಗಳಿಗೆ, ಕಡಲ ತಡಿಯಲ್ಲಿ ಮನೆ ಮಾಡಿಕೊಂಡವರು ತೆರೆಗಳಿಗೆ, ಸಂತೆಯಲ್ಲಿ ಮನೆ ಮಾಡಿಕೊಂಡವರು ಸದ್ದಿಗೆ ಅಂಜಿದರೆ ಹೇಗೆ ಎಂದು ಕೇಳಿದವರು ಅವರು. ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ ತೆಗಳಿಕೆಗಳು ಬಂದೇ ಬರುತ್ತವೆ, ಆಗ ಸಮಾಧಾನಿಯಾಗಿರಬೇಕು ಎಂಬುದು ಆ ವಚನದ ತಾತ್ಪರ್ಯ. ಮೃಗಗಳು ಬೆಟ್ಟ ಬಿಟ್ಟು ಹೋಗುತ್ತವೆ ಎಂಬ ಆಶ್ವಾಸನೆ ಅದರಲ್ಲಿ ಎಲ್ಲಿಯೂ ಇಲ್ಲ.

“ತಲ್ಲಣಿಸದಿರು” ಎಂದು ಕನಕದಾಸರು ಯಾವ ಧೈರ್ಯದ ಮೇಲೆ ಹೇಳಿದರು?

ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು. ಏಕೆಂದರೆ “ತಲ್ಲಣಿಸದಿರು ಕಂಡ್ಯ ತಾಳು ಮನವೇ” ಎಂಬ ಕೀರ್ತನೆ ಕನ್ನಡಿಗರ ಎದೆಯಲ್ಲಿ ಕುಳಿತಿರುವಷ್ಟು ಆಳವಾಗಿ ಈ ವಿಷಯದ ಮತ್ತೊಂದು ಪದ್ಯ ಕುಳಿತಿರಲಾರದು ಎಂಬುದು ನನ್ನ ಎಣಿಕೆ.

ಕನಕದಾಸರು 16ನೇ ಶತಮಾನದವರು. ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಅವರ ಮೊದಲ ಹೆಸರು ತಿಮ್ಮಪ್ಪನಾಯಕ. ಅವರು ಕತ್ತಿ ಹಿಡಿದು ಸೈನ್ಯ ನಡೆಸಿದ ನಾಯಕರು. ಯುದ್ಧವೊಂದರಲ್ಲಿ ತೀವ್ರವಾಗಿ ಗಾಯಗೊಂಡು ಬದುಕುಳಿದ ಮೇಲೆ ಅವರ ಬಾಳು ಬೇರೆಯ ಕಡೆಗೆ ತಿರುಗಿತೆಂದು ಪರಂಪರೆ ಹೇಳುತ್ತದೆ. ಮುಂದೆ ಕಾಗಿನೆಲೆಯ ಆದಿಕೇಶವ ಅವರ ಅಂಕಿತನಾದ, ವ್ಯಾಸರಾಯರು ಗುರುಗಳಾದರು. ಆದ್ದರಿಂದ ತಲ್ಲಣವೆಂದರೇನೆಂದು ತಿಳಿಯದವರ ಮಾತು ಇದಲ್ಲ. ಸಾವನ್ನು ಹತ್ತಿರದಿಂದ ಕಂಡವರ ಮಾತು.

ಕೀರ್ತನೆಯಲ್ಲಿ ಅವರು ಕೊಡುವ ಸಾಕ್ಷಿಗಳನ್ನು ಗಮನಿಸಿ. ಅವರು ಶಾಸ್ತ್ರವಾಕ್ಯವನ್ನು ಮುಂದಿಡುವುದಿಲ್ಲ, ಪವಾಡವನ್ನೂ ಹೇಳುವುದಿಲ್ಲ. ಬೆಟ್ಟದ ತುದಿಯಲ್ಲಿ ಹುಟ್ಟಿದ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಎಂದು ಕೇಳುತ್ತಾರೆ. ಅಡವಿಯ ಮೃಗಪಕ್ಷಿಗಳಿಗೆ, ಕಲ್ಲಿನೊಳಗೆ ಹುಟ್ಟಿ ಕೂಗುವ ಕಪ್ಪೆಗಳಿಗೆ ಆಹಾರ ಒದಗಿಸಿದವರು ಯಾರು ಎಂದು ಕೇಳುತ್ತಾರೆ. ಹಾವೇರಿ ಸೀಮೆಯ ಬಯಲಿನಲ್ಲಿ ಯಾರಾದರೂ ಕಾಣಬಹುದಾದ ಸಂಗತಿಗಳಿವು. ನಾವು ನೆಟ್ಟ ಗಿಡಗಳ ಲೆಕ್ಕವನ್ನಷ್ಟೇ ಇಟ್ಟುಕೊಂಡು ತಲ್ಲಣಿಸುವ ನಮಗೆ, ಯಾರೂ ನೆಡದೆ ಯಾರೂ ನೀರೆರೆಯದೆ ಬೆಳೆದು ನಿಂತ ಕಾಡಿನ ಕಡೆಗೊಮ್ಮೆ ನೋಡು ಎಂದು ಅವರು ಹೇಳುತ್ತಿದ್ದಾರೆ.

ಅಲ್ಲಿ ಬರುವ ಒಂದು ಪದ ನನ್ನನ್ನು ಬಹಳ ಕಾಲದಿಂದ ಹಿಡಿದು ನಿಲ್ಲಿಸಿದೆ. ಹುಟ್ಟಿಸಿದ ದೊರೆ “ಹೊಣೆಗಾರ”ನಾಗಿದ್ದಾನೆ ಎನ್ನುತ್ತಾರೆ ಕನಕದಾಸರು. ಹೊಣೆಗಾರನೆಂಬುದು ಸಾಲಕ್ಕೆ ಜಾಮೀನು ನಿಲ್ಲುವವನಿಗೆ ಸಲ್ಲುವ, ಲೋಕವ್ಯವಹಾರದ ಮಾತು. ಆಡಳಿತ ಮಾಡಿ ಗೊತ್ತಿದ್ದ ನಾಯಕನ ಬಾಯಲ್ಲಿ ಅದು ದೇವರಿಗೆ ಸಂದಿದೆ. ದೇವರು ದಯೆ ತೋರಬಹುದು ಎಂದು ಅವರು ಅಳುಕಿನಿಂದ ಹೇಳುವುದಿಲ್ಲ. ಹುಟ್ಟಿಸಿದ ಮೇಲೆ ಸಲಹುವುದು ಆತನ ಕರ್ತವ್ಯವೆಂದು ಹಕ್ಕಿನಿಂದ ಹೇಳುತ್ತಾರೆ. ಇಲ್ಲಿ ಮಾತನಾಡುತ್ತಿರುವುದು ಭಿಕ್ಷುಕನ ದನಿಯಲ್ಲ, ಮನೆಯ ಮಗನ ದನಿ.

ಎಲ್ಲವನ್ನೂ ದೇವರಿಗೆ ಬಿಟ್ಟರೆ ಮನುಷ್ಯ ಸೋಮಾರಿಯಾಗುವುದಿಲ್ಲವೇ?

ನಂಬಿಕೆಯ ಹೆಸರಿನಲ್ಲಿ ಕೈಕಟ್ಟಿ ಕುಳಿತವರು ಇದ್ದಾರೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಅದಕ್ಕೆ ದಾಸರಿಂದಾಗಲಿ ಶರಣರಿಂದಾಗಲಿ ಒಪ್ಪಿಗೆಯ ಮುದ್ರೆ ಸಿಗುವುದಿಲ್ಲ. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಬಾಳನ್ನು ನೋಡಿದರೆ ಈ ಸಂಶಯ ತೀರುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕವಾಗಿತ್ತು. ಒಮ್ಮೆ ಮಾರಯ್ಯನವರು ಅನುಭಾವದ ಮಾತುಕತೆಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತುಹೋಗಿದೆ, ಎದ್ದು ಹೋಗಿ ಎಂದು ಎಚ್ಚರಿಸಿದವರು ಲಕ್ಕಮ್ಮ. ಮತ್ತೊಮ್ಮೆ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ, ಈ ಆಸೆ ಅರಸರಿಗಿರಬಹುದು, ಶಿವಭಕ್ತರಿಗೆ ಸಲ್ಲದು ಎಂದು ಹೇಳಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದವರೂ ಅವರೇ.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಇಂದಿನ ಕೆಲಸ ಇಂದು ಆಗಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ನಾಳೆಯ ಅಕ್ಕಿ ನಾಳೆಯ ಅಂಗಳದಲ್ಲಿ ಇರುತ್ತದೆ, ಅದರ ಬಗ್ಗೆ ಅಂಜಿಕೆಯಿಲ್ಲ. ಲಕ್ಕಮ್ಮನವರ ಮನೆಯಲ್ಲಿ ದುಡಿಮೆಯೂ ನಿಶ್ಚಿಂತೆಯೂ ಒಂದೇ ಮೊರದಲ್ಲಿದ್ದವು. ಪುರಂದರದಾಸರೂ ಸಂಸಾರದಿಂದ ಓಡಿಹೋಗಲು ಹೇಳಲಿಲ್ಲ. ಈಸಬೇಕು, ಇದ್ದು ಜೈಸಬೇಕು ಎಂದರು. ದಡದ ಮೇಲೆ ಕುಳಿತವನು ಈಜುವುದಿಲ್ಲ. ನೀರನ್ನು ನಂಬದೆ ಮೈ ಬಿಗಿಹಿಡಿದವನು ಮುಳುಗುತ್ತಾನೆ ಎಂಬುದು ಈಜು ಕಲಿತವರಿಗೆಲ್ಲ ಗೊತ್ತು. ನೀರು ಹೊರುತ್ತದೆಂದು ನಂಬಿ ಕೈಕಾಲು ಆಡಿಸಿದವನು ತೇಲುತ್ತಾನೆ.

ನಂಬಿಕೆ ಇದ್ದರೆ ಉಳಿತಾಯ, ವಿಮೆ ಇವೆಲ್ಲ ಬೇಡವೇ?

ಬೇಕು. ಭಾರತೀಯ ಜೀವ ವಿಮಾ ನಿಗಮದ ಲಾಂಛನದ ಕೆಳಗೆ “ಯೋಗಕ್ಷೇಮಂ ವಹಾಮ್ಯಹಮ್” ಎಂದು ಬರೆದಿರುವುದನ್ನು ಬಹಳ ಜನ ನೋಡಿದ್ದಾರೆ. ಅದು ಭಗವದ್ಗೀತೆಯ 9ನೇ ಅಧ್ಯಾಯದ 22ನೇ ಶ್ಲೋಕದ ಕೊನೆಯ ಪಾದ. ಯೋಗವೆಂದರೆ ಇಲ್ಲಿ ಇಲ್ಲದ್ದು ದೊರಕುವುದು, ಕ್ಷೇಮವೆಂದರೆ ದೊರಕಿದ್ದು ಉಳಿಯುವುದು. ನನ್ನನ್ನೇ ನೆನೆಯುವವರ ಈ ಎರಡನ್ನೂ ನಾನು ಹೊರುತ್ತೇನೆ ಎಂದು ಕೃಷ್ಣ ಹೇಳುತ್ತಾನೆ. “ವಹಾಮಿ” ಎಂಬ ಕ್ರಿಯಾಪದದ ಅರ್ಥವೇ ಹೊರುವುದು. ನಮ್ಮ “ಭಾರ ಹಾಕು” ಎಂಬ ಮಾತಿಗೆ ಇದಕ್ಕಿಂತ ನೇರವಾದ ಜೋಡಿ ಮತ್ತೊಂದಿಲ್ಲ.

ವಿಮೆಯ ಕಂತು ಕಟ್ಟುವುದು ಸಂಸಾರಸ್ಥನ ಕರ್ತವ್ಯ, ಅದು ಕೆಲಸದ ಗಂಟಿಗೆ ಸೇರಿದ್ದು. ಆದರೆ ಕಂತು ಕಟ್ಟಿದ ಮೇಲೂ, ಠೇವಣಿ ಇಟ್ಟ ಮೇಲೂ ಎದೆಯ ನಡುಕ ನಿಲ್ಲದಿದ್ದರೆ, ಆ ನಡುಕಕ್ಕೆ ಇನ್ನೊಂದು ಠೇವಣಿ ಮದ್ದಲ್ಲ.

ಹರಕೆ ಹೊತ್ತೆ, ವ್ರತ ಮಾಡಿದೆ, ಆದರೂ ಕೇಳಿದ್ದು ಸಿಗಲಿಲ್ಲ. ಇನ್ನು ಹೇಗೆ ನಂಬಲಿ?

ಈ ಪ್ರಶ್ನೆ ಕೇಳುವವರ ಕಣ್ಣಲ್ಲಿ ನೀರಿರುತ್ತದೆ. ಆದ್ದರಿಂದ ಚತುರವಾದ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ನಾನೂ ಅಲ್ಲಿ ನಿಂತವನು. ನನ್ನ ತಂದೆಯವರು ಕಾಯಿಲೆ ಬಿದ್ದಾಗ ಮನೆದೇವರಿಗೆ ಮುಡಿಪು ಕಟ್ಟಿಟ್ಟಿದ್ದೆವು. ಅವರು ಉಳಿಯಲಿಲ್ಲ. ಆ ಅರಿಶಿನದ ಬಟ್ಟೆಯ ಗಂಟು ಎಷ್ಟೋ ತಿಂಗಳು ದೇವರ ಗೂಡಿನಲ್ಲಿಯೇ ಇತ್ತು. ಅದನ್ನು ಬಿಚ್ಚಲೂ ಮನಸ್ಸಿರಲಿಲ್ಲ, ಗುಡಿಗೆ ಒಯ್ಯಲೂ ಮನಸ್ಸಿರಲಿಲ್ಲ. ಕಡೆಗೆ ಒಂದು ದಿನ ತಾಯಿಯೇ ಅದನ್ನು ತೆಗೆದುಕೊಂಡು ಹೋಗಿ ಹುಂಡಿಗೆ ಹಾಕಿ ಬಂದರು. ಏಕೆಂದು ಕೇಳಿದ್ದಕ್ಕೆ, “ಕೊನೆಯ ಎಂಟು ದಿನ ಅವರು ನರಳಲಿಲ್ಲ ಮಗಾ, ಅದಕ್ಕೆ” ಎಂದಷ್ಟೇ ಹೇಳಿದರು. ನಾನು ಬೇಡಿದ್ದು ಒಂದನ್ನು. ಅವರು ಕಂಡುಕೊಂಡದ್ದು ಮತ್ತೊಂದನ್ನು.

ಹರಕೆ ಹೊರುವುದು ತಪ್ಪಲ್ಲ. ಗೀತೆಯ 7ನೇ ಅಧ್ಯಾಯದಲ್ಲಿ ಕೃಷ್ಣನು ತನ್ನನ್ನು ಭಜಿಸುವ ನಾಲ್ಕು ಬಗೆಯವರನ್ನು ಹೇಳುವಾಗ ಸಂಕಟದಲ್ಲಿರುವ ಆರ್ತನನ್ನೂ, ಬೇಡಿಕೆ ಇಟ್ಟುಕೊಂಡು ಬರುವ ಅರ್ಥಾರ್ಥಿಯನ್ನೂ ಸೇರಿಸುತ್ತಾನೆ, ಅವರೆಲ್ಲರನ್ನೂ ಉದಾರರೆಂದೇ ಕರೆಯುತ್ತಾನೆ. ಬೇಡಿಕೊಳ್ಳುವುದು ನಂಬಿಕೆಯ ಮೊದಲ ಮೆಟ್ಟಿಲು. ಆದರೆ “ನಾನು ಇಷ್ಟು ಕೊಡುತ್ತೇನೆ, ನೀನು ಇಷ್ಟು ಕೊಡು” ಎಂಬ ಲೆಕ್ಕದಲ್ಲಿಯೇ ನಿಂತರೆ, ಅದು ವ್ಯಾಪಾರವಾಗುತ್ತದೆ, ವ್ಯಾಪಾರದಲ್ಲಿ ನಷ್ಟದ ಭಯ ಇದ್ದೇ ಇರುತ್ತದೆ. ನೆಮ್ಮದಿ ಬಯಸುವವರು ಬೇಡಿಕೆಯ ಕೊನೆಗೆ ಒಂದು ಸಣ್ಣ ಮಾತನ್ನು ಸೇರಿಸಲು ಕಲಿಯಬೇಕಾಗುತ್ತದೆ: “ನನಗೆ ಕಂಡದ್ದನ್ನು ಕೇಳಿದ್ದೇನೆ, ನಿನಗೆ ಕಂಡದ್ದನ್ನು ಮಾಡು.” ಇದನ್ನು ಬಾಯಿಂದ ಹೇಳಲು ಒಂದು ನಿಮಿಷ ಸಾಕು. ಮನಸ್ಸಿನಿಂದ ಹೇಳಲು ನನಗೆ ಹಲವು ವರ್ಷ ಬೇಕಾಯಿತು.

ನನಗೆ ಪೂರ್ತಿ ನಂಬಿಕೆ ಬರುವುದೇ ಇಲ್ಲ. ಸಂಶಯ ಬಂದರೆ ಪಾಪವೇ?

ಬಸವಣ್ಣನವರಿಗಿಂತ ದೊಡ್ಡ ಭಕ್ತರನ್ನು ಎಲ್ಲಿ ಹುಡುಕುವುದು? ಅವರೇ ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಮರ್ಕಟಕ್ಕೆ ಹೋಲಿಸಿಕೊಂಡರು. ತಮ್ಮ ಚಿತ್ತ ಬಿಚ್ಚಿ ನೋಡಿದರೆ ಹುರುಳಿಲ್ಲದ ಅತ್ತಿಯ ಹಣ್ಣೆಂದರು. ಇವನ್ನು ಅವರು ಹೇಳಿಕೊಂಡದ್ದು ಕೂಡಲಸಂಗಮದೇವನಿಗೇ. ಸಂಶಯವನ್ನು ದೇವರಿಂದ ಬಚ್ಚಿಡದೆ ದೇವರ ಮುಂದೆಯೇ ಇಡುವುದು ಅವರು ತೋರಿದ ದಾರಿ. ಕನಕದಾಸರು “ಇದಕೆ ಸಂಶಯವಿಲ್ಲ” ಎಂದು ಮತ್ತೆ ಮತ್ತೆ ಹೇಳುವುದನ್ನು ಕೇಳಿದಾಗ, ಎದುರಿನಲ್ಲಿ ಸಂಶಯಪಡುವ ಮನಸ್ಸೊಂದು ಕುಳಿತಿದೆ ಎಂಬುದು ತಿಳಿಯುತ್ತದೆ. ಅದು ಅವರದೇ ಮನಸ್ಸು. ಕೀರ್ತನೆಯೇ “ಮನವೇ” ಎಂದು ಅದನ್ನು ಕರೆದು ಕೂರಿಸಿಕೊಂಡಿದೆ.

ದೇವರೊಡನೆ ಜಗಳವಾಡುವುದಕ್ಕೂ ನಮ್ಮಲ್ಲಿ ಜಾಗವಿದೆ. ದಾಸಸಾಹಿತ್ಯದಲ್ಲಿ ನಿಂದಾಸ್ತುತಿ ಎಂಬ ಬಗೆಯೇ ಇದೆ. ಮಾತು ಬಿಟ್ಟವರಿಗಿಂತ ಜಗಳವಾಡುವವರು ಹತ್ತಿರದವರು.

ಶರಣಾಗತಿ ಎಂದರೆ ಸೋಲೊಪ್ಪಿಕೊಳ್ಳುವುದೇ?

ಯುದ್ಧದಲ್ಲಿ ಶರಣಾದವನು ಶತ್ರುವಿಗೆ ಶರಣಾಗುತ್ತಾನೆ. ಭಕ್ತ ಶರಣಾಗುವುದು ತನ್ನವನಿಗೆ. ಗೀತೆಯ 5ನೇ ಅಧ್ಯಾಯದ ಕೊನೆಯ ಶ್ಲೋಕದಲ್ಲಿ, ಎಲ್ಲ ಜೀವಿಗಳ ಸುಹೃತ್ತು, ಅಂದರೆ ಒಳಿತು ಬಯಸುವ ಗೆಳೆಯ ನಾನೆಂದು ತಿಳಿದವನು ಶಾಂತಿಯನ್ನು ಪಡೆಯುತ್ತಾನೆ ಎಂಬ ಮಾತಿದೆ. ಆತ ಯಾರೆಂಬುದು ತಿಳಿದ ಮೇಲೆಯೇ ಶಾಂತಿ. ತಿಳಿಯದವನ ಕೈಗೆ ಯಾರೂ ಮಗುವನ್ನು ಕೊಡುವುದಿಲ್ಲವಷ್ಟೇ.

ರಾಮಾನುಜಾಚಾರ್ಯರು ನೆಲೆಸಿದ್ದ ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯಲ್ಲಿ ಶರಣಾಗತಿಗೆ ಆರು ಅಂಗಗಳನ್ನು ಹೇಳುತ್ತಾರೆ: ದೇವರಿಗೆ ಒಪ್ಪುವಂತೆ ನಡೆಯುವ ಸಂಕಲ್ಪ, ಒಪ್ಪದ್ದನ್ನು ಬಿಡುವುದು, ಕಾಪಾಡುತ್ತಾನೆ ಎಂಬ ದೃಢವಿಶ್ವಾಸ, ನೀನೇ ಕಾಪಾಡೆಂದು ಕೇಳಿಕೊಳ್ಳುವುದು, ತನ್ನನ್ನು ಒಪ್ಪಿಸಿಕೊಳ್ಳುವುದು, ತನ್ನಿಂದಾಗದು ಎಂಬ ದೈನ್ಯ. ಮೊದಲೆರಡನ್ನು ಹಾರಿಸಿ ಮೂರನೆಯದಕ್ಕೆ ಬರಲು ನಾವೆಲ್ಲರೂ ನೋಡುತ್ತೇವೆ, ಅದು ಆಗುವುದಿಲ್ಲ. ಪಕ್ಕದವನ ಜಮೀನನ್ನು ಒತ್ತಿಕೊಂಡು, “ಕಾಪಾಡಪ್ಪಾ” ಎಂದು ಮಲಗಿದರೆ ನಿದ್ದೆ ಬರುವುದು ಹೇಗೆ?

ಅದೇ ಪರಂಪರೆಯಲ್ಲಿ ಎರಡು ದೃಷ್ಟಾಂತಗಳಿವೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ತಬ್ಬಿಕೊಂಡಿರುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮನುಷ್ಯ ಹಿಡಿದುಕೊಳ್ಳಬೇಕೇ, ಇಲ್ಲವೇ ದೇವರೇ ಹಿಡಿದಿದ್ದಾನೆಯೇ ಎಂಬ ಬಗ್ಗೆ ಪಂಡಿತರಲ್ಲಿ ಪಂಥಭೇದವೇ ಉಂಟಾಗಿದೆ. ನನ್ನ ಮಟ್ಟಿಗೆ ಹೇಳುವುದಾದರೆ ಗಟ್ಟಿಯಾಗಿರುವ ದಿನಗಳಲ್ಲಿ ಕೋತಿಯ ಮರಿಯಾಗಿರುತ್ತೇನೆ; ಕೈ ಸೋತ ದಿನಗಳಲ್ಲಿ ಬೆಕ್ಕಿನ ಮರಿಯ ನೆನಪೇ ಆಸರೆ.

ಮಾಡಬಾರದ ತಪ್ಪು ಮಾಡಿದ್ದೇನೆ. ನನಗೂ ನೆಮ್ಮದಿಗೆ ಹಕ್ಕಿದೆಯೇ?

ಪುರಂದರದಾಸರು ಮೊದಲು ಶ್ರೀನಿವಾಸನಾಯಕನೆಂಬ ಲೇವಾದೇವಿಯ ವ್ಯಾಪಾರಿ. ಕಡುಲೋಭಿ ಎಂದೇ ಕಥೆ ಹೇಳುತ್ತದೆ. ಬೇಡಲು ಬಂದ ಬ್ರಾಹ್ಮಣನಿಗೆ ಹೆಂಡತಿ ಸರಸ್ವತಿ ಕೊಟ್ಟ ಮೂಗುತಿಯ ಪ್ರಸಂಗದಿಂದ ಅವರ ಕಣ್ಣು ತೆರೆಯಿತು. ಇದ್ದದ್ದನ್ನೆಲ್ಲ ಬಿಟ್ಟು, ವ್ಯಾಸರಾಯರ ಶಿಷ್ಯರಾಗಿ, ತಂಬೂರಿ ಹಿಡಿದು ಬೀದಿಗಿಳಿದರು. ಹಂಪಿಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಪುರಂದರ ಮಂಟಪ ಮಳೆಗಾಲದಲ್ಲಿ ನೀರಿನಿಂದ ಸುತ್ತುವರಿದು ನಿಂತಿರುವುದನ್ನು ಕಂಡವರಿಗೆ, ಲೆಕ್ಕದ ಕಡತಗಳ ನಡುವೆ ಕುಳಿತಿದ್ದ ವ್ಯಕ್ತಿ ಬಂದು ತಲುಪಿದ ಜಾಗ ಎಂಥದೆಂಬುದು ಅರಿವಾಗುತ್ತದೆ.

ಆದರೆ ಇಲ್ಲೊಂದು ಷರತ್ತಿದೆ. ಅವರು ಹಣವನ್ನು ಬಿಟ್ಟರು. ಇಟ್ಟುಕೊಂಡೇ ಕ್ಷಮೆ ಕೇಳಲಿಲ್ಲ. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಅವರ ಬಳಿಗೇ ಹೋಗಿ, ಸರಿಪಡಿಸಬಹುದಾದದ್ದನ್ನು ಸರಿಪಡಿಸಬೇಕು. ಸರಿಪಡಿಸಲಾಗದ್ದನ್ನು, ಆ ವ್ಯಕ್ತಿ ಇಲ್ಲವಾಗಿದ್ದರೆ ಅದನ್ನೂ, ದೇವರಿಗೆ ಒಪ್ಪಿಸಬೇಕು. ಆಮೇಲೂ ದಿನವೂ ತನ್ನನ್ನು ತಾನೇ ಹಳಿದುಕೊಳ್ಳುತ್ತಿದ್ದರೆ ಅದು ಪಶ್ಚಾತ್ತಾಪವಲ್ಲ; ಇಳಿಸಿದ ಗಂಟನ್ನು ಮತ್ತೆ ಎತ್ತಿಕೊಂಡಂತೆ.

ರಾತ್ರಿ ಮಲಗಿದೊಡನೆ ಚಿಂತೆಗಳು ಮುತ್ತುತ್ತವೆ. ಆಗ ಏನು ಮಾಡಬೇಕು?

ಹಳೆಯ ದಾರಿಗಳ ಬದಿಯಲ್ಲಿ ತಲೆಹೊರೆಯವರಿಗಾಗಿ ಆಳೆತ್ತರದ ಎರಡು ಕಲ್ಲುಕಂಬಗಳನ್ನು ನಿಲ್ಲಿಸಿ ಮೇಲೊಂದು ಅಡ್ಡಗಲ್ಲು ಇಡುತ್ತಿದ್ದರು. ಹೊರೆ ಹೊತ್ತು ಒಂಟಿಯಾಗಿ ಬಂದವನು, ಇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೂ, ತಲೆಯ ಮೇಲಿನ ಗಂಟನ್ನು ಹಾಗೆಯೇ ಆ ಕಲ್ಲಿನ ಮೇಲೆ ಸರಿಸಿ, ಉಸಿರು ತೆಗೆದುಕೊಂಡು, ಆಯಾಸ ಕಳೆದ ಮೇಲೆ ಮತ್ತೆ ತಲೆಗೆ ಸರಿಸಿಕೊಂಡು ಮುಂದೆ ನಡೆಯುತ್ತಿದ್ದ. ರಾತ್ರಿಯ ಪ್ರಾರ್ಥನೆಯನ್ನು ನಾನು ಆ ಕಲ್ಲಿನಂತೆ ಕಾಣುತ್ತೇನೆ. ಬೆಳಿಗ್ಗೆ ಹೊರೆ ಅಲ್ಲಿಯೇ ಇರುತ್ತದೆ, ನಾವೇ ಹೊರಬೇಕಾದ ಗಂಟನ್ನು ಮತ್ತೆ ಎತ್ತಿಕೊಳ್ಳಬಹುದು. ಮಲಗುವಾಗ ಮಾತ್ರ ಅದು ತಲೆಯ ಮೇಲಿರಬೇಕಾಗಿಲ್ಲ.

ನನ್ನ ಅಜ್ಜಿ ದೀಪ ಶಾಂತ ಮಾಡುವ ಮೊದಲು ದೇವರ ಮುಂದೆ ನಿಂತು ಆ ದಿನದ ವರದಿ ಒಪ್ಪಿಸುತ್ತಿದ್ದರು. ಹಸು ಕರು ಹಾಕಿದ್ದು, ದೊಡ್ಡಪ್ಪನ ಕಾಗದ ಬಾರದೇ ಇದ್ದದ್ದು, ನಮ್ಮ ಜ್ವರ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಕೊನೆಗೆ “ನನ್ನ ಕೈಲಾದದ್ದು ಆಯಿತು, ಇನ್ನು ನೀನು ಎಚ್ಚರವಾಗಿರು, ನಾನು ಮಲಗುತ್ತೇನೆ” ಎನ್ನುತ್ತಿದ್ದರು. ಬಾಲ್ಯದಲ್ಲಿ ಅದು ವಿನೋದವೆನಿಸುತ್ತಿತ್ತು. ಈಗ ಅದಕ್ಕಿಂತ ಉತ್ತಮವಾದ ಪ್ರಾರ್ಥನೆಯನ್ನು ನಾನು ಅರಿಯೆ.

ಹಾಗೆ ಮಾಡಬಯಸುವವರು ಮನಸ್ಸಿನಲ್ಲಿರುವ ಚಿಂತೆಗಳನ್ನು ಒಂದೊಂದಾಗಿ ಹೆಸರಿಟ್ಟು ಹೇಳಬೇಕು; “ಎಲ್ಲವನ್ನೂ ನೋಡಿಕೋ” ಎಂದು ಒಟ್ಟಾಗಿ ಹೇಳಿದರೆ ಯಾವುದೂ ಇಳಿಯುವುದಿಲ್ಲ. ಪ್ರತಿಯೊಂದರಲ್ಲಿಯೂ ನಾಳೆ ತಾನು ಮಾಡಬಹುದಾದ ಕೆಲಸವೇನಾದರೂ ಇದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಉಳಿದದ್ದನ್ನು ಒಪ್ಪಿಸಿ, ತಮಗೆ ಪ್ರಿಯವಾದ ನಾಮವನ್ನು ಉಸಿರಿನೊಡನೆ ಮೆಲ್ಲಗೆ ಹೇಳಿಕೊಳ್ಳಬೇಕು. ಚಿಂತೆ ಮರಳಿ ಬರುತ್ತದೆ, ಬಂದಾಗ ಬೈದುಕೊಳ್ಳದೆ ಮತ್ತೆ ನಾಮಕ್ಕೆ ಮರಳಬೇಕು. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟವೆಂದು ಅರ್ಜುನ ಹೇಳಿದಾಗ ಕೃಷ್ಣ ಅದನ್ನು ಅಲ್ಲಗಳೆಯಲಿಲ್ಲ. ಅಭ್ಯಾಸದಿಂದ ಮತ್ತು ವೈರಾಗ್ಯದಿಂದ ಸಾಧ್ಯವೆಂದನು. ಅಭ್ಯಾಸವೆಂದಮೇಲೆ ಮೊದಲ ವಾರದಲ್ಲಿ ಫಲ ಕಾಣದಿದ್ದರೆ ಬೇಸರಿಸಬಾರದು.

ಧ್ಯಾನ, ಪ್ರಾಣಾಯಾಮ ಮಾಡಿದರೆ ಸಾಲದೇ? ದೇವರೇ ಬೇಕೇ?

ಅವುಗಳಿಂದ ದೇಹ ಹಗುರಾಗುತ್ತದೆ, ಉಸಿರು ನಿಧಾನವಾಗುತ್ತದೆ, ಮಾಡಬೇಕಾದದ್ದೇ. ಭಕ್ತಿಯಲ್ಲಿ ಹೆಚ್ಚಿನದಾಗಿ ಇರುವುದು ಸಂಬಂಧ. ಮಗು ಕತ್ತಲಲ್ಲಿ ಹೆದರಿದಾಗ ಉಸಿರಾಟದ ಕ್ರಮವನ್ನು ಕಲಿಸಿದರೂ ಸುಮ್ಮನಾಗಬಹುದು, ಆದರೆ ಪಕ್ಕದಲ್ಲಿ ಅಮ್ಮನ ಸೆರಗು ಕೈಗೆ ಸಿಕ್ಕಾಗ ಅದು ನಿದ್ದೆ ಹೋಗುತ್ತದೆ.

ಯಾವ ದೇವರನ್ನು ನಂಬಬೇಕು? ಬೇರೆ ಮತದವರಿಗೂ ಈ ಮಾತು ಸಲ್ಲುತ್ತದೆಯೇ?

ಕನಕದಾಸರ ಬಾಡ ಇರುವ ಶಿಗ್ಗಾಂವಿಯ ಸೀಮೆಯಲ್ಲಿಯೇ ಶಿಶುನಾಳವಿದೆ. 1819ರಲ್ಲಿ ಅಲ್ಲಿ ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಶರೀಫರು ಬ್ರಾಹ್ಮಣರಾದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಇಂದಿಗೂ ಉತ್ತರ ಕರ್ನಾಟಕದ ಭಜನೆಗಳಲ್ಲಿ ಮೊಳಗುವ ತತ್ವಪದಗಳನ್ನು ಹಾಡಿದರು. ಆ ಗುರುಶಿಷ್ಯರ ಬಾಳನ್ನು ನೆನೆದರೆ ಈ ಪ್ರಶ್ನೆಯ ಬಿಗಿ ತಾನಾಗಿ ಸಡಿಲವಾಗುತ್ತದೆ. ದೇವರ ಮೇಲೆ ಭರವಸೆ ಇಡುವುದನ್ನು ಮುಸ್ಲಿಮರು ತವಕ್ಕುಲ್ ಎನ್ನುತ್ತಾರೆ. ದುಡಿದು ಹೊರೆ ಹೊತ್ತು ದಣಿದವರೇ, ನನ್ನ ಬಳಿಗೆ ಬನ್ನಿ, ನಾನು ನಿಮಗೆ ವಿಶ್ರಾಂತಿ ಕೊಡುತ್ತೇನೆ ಎಂಬ ಯೇಸುವಿನ ಕರೆ ನಮ್ಮ ನಾಡಿನ ಕ್ರೈಸ್ತರಿಗೆ ಕಂಠಪಾಠ. ಅಲ್ಲಿಯೂ ಹೊರೆಯ ಮಾತೇ ಬಂದಿರುವುದು ನನಗೆ ಸಂತೋಷ ಕೊಡುತ್ತದೆ. ಮನೆಯಲ್ಲಿ ನಿಮಗೆ ಕಲಿಸಿದ ಹೆಸರಿನಿಂದಲೇ ಕರೆಯಿರಿ.

ಪ್ರಾರ್ಥಿಸಿದರೂ ಮನಸ್ಸಿನ ಭಾರ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗುವುದು ನಂಬಿಕೆಯ ಕೊರತೆಯೇ?

ಖಂಡಿತ ಅಲ್ಲ. ಕಾಲು ಮುರಿದಾಗ ಕಟ್ಟು ಹಾಕಿಸಿಕೊಳ್ಳುವುದು ನಂಬಿಕೆಗೆ ವಿರುದ್ಧವಲ್ಲವೆಂದ ಮೇಲೆ ಮನಸ್ಸಿನ ಕಾಯಿಲೆಗೆ ಬೇರೆಯ ನ್ಯಾಯವೇಕೆ? ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಹುಟ್ಟದಿದ್ದರೆ, ಬದುಕುವುದೇ ಬೇಡವೆಂಬ ಯೋಚನೆ ಬಂದರೆ ತಡಮಾಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. “ನಿನಗೆ ಭಕ್ತಿ ಸಾಲದು, ಅದಕ್ಕೇ ಹೀಗಾಗಿದೆ” ಎಂದು ಖಿನ್ನತೆಯಲ್ಲಿ ಬೇಯುತ್ತಿರುವವರಿಗೆ ಹೇಳುವವರು ದೊಡ್ಡ ಅಪರಾಧ ಮಾಡುತ್ತಿದ್ದಾರೆ. ವೈದ್ಯರ ಕೈಯಿಂದಲೂ ಸಲಹುವವನು ಆತನೇ ಎಂದು ತಿಳಿದು ಮಾತ್ರೆ ನುಂಗುವುದೂ ಶರಣಾಗತಿಯೇ.

ದುಃಖದಲ್ಲಿರುವ ಬಂಧುಗಳಿಗೆ “ದೇವರ ಮೇಲೆ ಭಾರ ಹಾಕಿ” ಎಂದು ಹೇಳಬಹುದೇ?

ಹೇಳುವ ಮೊದಲು ನೂರು ಸಲ ಯೋಚಿಸಬೇಕು. ಇದು ತನಗೆ ತಾನು ಹೇಳಿಕೊಳ್ಳುವಾಗ ಔಷಧ. ಹೊತ್ತಲ್ಲದ ಹೊತ್ತಿನಲ್ಲಿ ಇನ್ನೊಬ್ಬರಿಗೆ ಹೇಳಿದರೆ ಗಾಯದ ಮೇಲೆ ಎಳೆದ ಬರೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ “ಎಲ್ಲಾ ಒಳ್ಳೆಯದಕ್ಕೇ” ಎಂದವರನ್ನು ನೋಡಿದ್ದೇನೆ. ಆ ತಾಯಿಯ ಮುಖವನ್ನೂ ನೋಡಿದ್ದೇನೆ. ಕನಕದಾಸರು ಆ ಕೀರ್ತನೆಯನ್ನು ಹೇಳಿದ್ದು ತಮ್ಮ ಮನಸ್ಸಿಗೆ, ನೆರೆಮನೆಯವರಿಗಲ್ಲ.

ತಂದೆಯವರು ತೀರಿಕೊಂಡ ಮೂರನೆಯ ದಿನ ನಮ್ಮ ಬೀದಿಯ ಕೊನೆಯ ಮನೆಯ ಅಕ್ಕನವರು ಬಂದರು. ಅವರು ದೇವರ ಹೆಸರೆತ್ತಲಿಲ್ಲ, ವೈರಾಗ್ಯದ ಮಾತು ಆಡಲಿಲ್ಲ. ಬಚ್ಚಲಿನಲ್ಲಿ ರಾಶಿ ಬಿದ್ದಿದ್ದ ಪಾತ್ರೆಗಳನ್ನು ತೊಳೆದರು, ತಾಯಿಯ ಪಕ್ಕದಲ್ಲಿ ಗೋಡೆಗೆ ಒರಗಿ ಸಂಜೆಯವರೆಗೆ ಕುಳಿತರು, ಹೋಗುವಾಗ “ನಾಳೆ ಅನ್ನ ಸಾರು ನಮ್ಮ ಮನೆಯಿಂದ ಬರುತ್ತದೆ, ಒಲೆ ಹಚ್ಚಬೇಡಿ” ಎಂದು ಹೇಳಿ ಹೋದರು. ಮರುದಿನ ಹನ್ನೆರಡು ಗಂಟೆಗೆ ಸರಿಯಾಗಿ ಅವರ ಮಗ ಸ್ಟೀಲಿನ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದ.